ಅರ್ಧ ಟಿಕೆಟ್ಟಿನವರ ಆಸನ

ಪಲ್ಲಕ್ಕಿಗೆ ಚರಿತ್ರೆ ಇದೆ, ರಥಕ್ಕೆ ಇದೆ, ರೈಲಿಗೂ ಇದೆ. ಸಮಾಜ ವಿಜ್ಞಾನದ ಪಾಠ ಮಾಡುತ್ತಾ ಇವೆಲ್ಲವನ್ನೂ ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಆದರೆ ಆ ಪಲ್ಲಕ್ಕಿಯಲ್ಲಿ, ಆ ರೈಲಿನಲ್ಲಿ ಮಗು ಎಲ್ಲಿ ಕೂತಿತ್ತು ಎಂದು ನಾನು ಪಾಠ ಮಾಡಿದ ಯಾವ ಪುಸ್ತಕವೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ಅನ್ನಿಸಿರಲಿಕ್ಕಿಲ್ಲ. ಅಮ್ಮನ ಮಡಿಲಲ್ಲಿ ಕೂತಿತ್ತು, ಇನ್ನೆಲ್ಲಿ ಕೂರುತ್ತದೆ?

ನಮ್ಮ ಮೇಗರವಳ್ಳಿ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಲ್ಲಿದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದಿದವರಿಗೆ ಊರಿನ ಹೆಸರು ಹೊಸದಲ್ಲ. ಆ ಕಾದಂಬರಿಯಲ್ಲಿ ನಮ್ಮ ಸೀಮೆಗೆ ಮೊದಲ ಬೈಸಿಕಲ್ಲು ಬರುತ್ತದೆ, ಜನ ಅದನ್ನು 'ಬೀಸೆಕಲ್ಲು' ಎಂದು ಕರೆಯುತ್ತಾರೆ. ಉಳಿದಂತೆ ಅಲ್ಲಿ ಎಲ್ಲರದೂ ನಡಿಗೆಯೇ. ಗದ್ದೆಯಂಚು, ಹಾಡ್ಯ, ಕಾಡು, ಹೊಳೆ ದಾಟಿ ನಡೆಯುವವರ ಸೊಂಟದ ಮೇಲೆ, ಬೆನ್ನ ಮೇಲೆ, ಹೆಗಲ ಮೇಲೆ ಮಕ್ಕಳು. ಮಳೆ ಬಂದರೆ ಕಂಬಳಿಕೊಪ್ಪೆಯೊಳಗೆ ಎರಡು ತಲೆ.

ನಾನು ಕಂಡ ಮೊದಲ ವಾಹನ ಎತ್ತಿನ ಗಾಡಿ. ಹಾಸಿಗೆಯಷ್ಟು ದಪ್ಪ ಒಣಹುಲ್ಲು, ಅದರ ಮೇಲೆ ಕಂಬಳಿ, ಕಂಬಳಿಯ ಮೇಲೆ ಜಮಖಾನ. ಹೆಂಗಸರು ಕಾಲು ಮಡಚಿ ಕೂತು ಮಕ್ಕಳನ್ನು ನಡುವೆ ಹಾಕಿಕೊಳ್ಳುತ್ತಿದ್ದರು. ಗಾಡಿ ಗುಂಡಿಗೆ ಇಳಿದರೆ ಎಲ್ಲರ ತಲೆಯೂ ಕಮಾನಿಗೆ ಬಡಿಯುತ್ತಿತ್ತು, ಎಲ್ಲರೂ ನಗುತ್ತಿದ್ದರು. ಎತ್ತಿನ ವೇಗ ಮನುಷ್ಯರ ನಡಿಗೆಯ ವೇಗವೇ. ಆ ವೇಗಕ್ಕೆ ಅಮ್ಮನ ಮಡಿಲು ಸಾಕಾಗಿತ್ತು. ಮುಂದೆ ಆದದ್ದು ಅರ್ಥವಾಗಬೇಕಾದರೆ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಗಾಡಿ ಹೋಗಿ ಮೋಟಾರು ಬಂತು, ವೇಗ ಹತ್ತು ಪಟ್ಟಾಯಿತು. ಹಲ್ಲು ಹೋಗಿ ಟೈರು ಬಂತು, ಹುಲ್ಲು ಹೋಗಿ ಮೆತ್ತನೆಯ ಸೀಟು ಬಂತು. ಬದಲಾಗದೆ ಉಳಿದದ್ದು ಮಡಿಲು ಒಂದೇ.

ಬಸ್ಸಿನಲ್ಲಿ ಮಕ್ಕಳ ದರ್ಜೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಕೊಪ್ಪದ ಶಂಕರ್ ಕಂಪನಿಯ ಬಸ್ಸುಗಳು ನಮ್ಮ ಕಡೆ ಓಡುತ್ತಿದ್ದವು. ಆ ಕಂಪನಿ ನಿಂತ ಮೇಲೆ ಕೆಲಸಗಾರರೇ ಸೇರಿಕೊಂಡು 1991ರಲ್ಲಿ ಸಹಕಾರ ಸಾರಿಗೆ ಕಟ್ಟಿದರು. 2020ರಲ್ಲಿ ಅದೂ ನಿಂತುಹೋಗಿ ನಮಗೆಲ್ಲ ಮನೆಯವರೊಬ್ಬರು ಹೋದಂತಾಯಿತು. ಬಸ್ಸು ಯಾವುದಾದರೂ ಸರಿ, ಕೂಸಿಗೆ ಟಿಕೆಟ್ಟಿಲ್ಲ, ಆದ್ದರಿಂದ ಸೀಟಿಲ್ಲ. ಸ್ವಲ್ಪ ದೊಡ್ಡದಾದರೆ ಅರ್ಧ ಟಿಕೆಟ್ಟು. ಪೂರ್ತಿ ಟಿಕೆಟ್ಟಿನವರು ಯಾರಾದರೂ ಹತ್ತಿದರೆ "ಏಳು ಮಗಾ, ಅವರು ಕೂರಲಿ" ಎಂದು ಅರ್ಧ ಟಿಕೆಟ್ಟನ್ನು ಎಬ್ಬಿಸುವುದು. ಇದು ನಮಗೆ ಮರ್ಯಾದೆ ಕಲಿಸುವ ಪಾಠವಾಗಿತ್ತು. ವಾಹನದಲ್ಲಿ ಮಗುವಿಗೆ ತನ್ನದೇ ಒಂದು ಜಾಗ ಇರಬೇಕು ಎಂಬ ಯೋಚನೆ ಎಲ್ಲಿಂದ ಬರಬೇಕು?

ಕಾರಿನಲ್ಲೂ ಇದೇ ಪದ್ಧತಿ. ಬಾಡಿಗೆಯ ಅಂಬಾಸಿಡರಿನಲ್ಲಿ ಹಿಂದೆ ಆರು ಜನ, ಮುಂದೆ ಡ್ರೈವರನ್ನು ಬಿಟ್ಟು ಮೂವರು, ಮಕ್ಕಳು ಲೆಕ್ಕಕ್ಕಿಲ್ಲ. 1993ರಲ್ಲಿ ನನ್ನ ಚಿಕ್ಕಮ್ಮನ ಮಗಳು, ನನಗೆ ಅಕ್ಕ, ಎಂಟು ತಿಂಗಳ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಅಂಥದೇ ಕಾರಿನ ಮುಂದಿನ ಸೀಟಿನಲ್ಲಿ ಕೂತು ಒಂದು ಮದುವೆಗೆ ಹೊರಟಿದ್ದಳು. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ತಪ್ಪಿಸಲು ಹೋದ ಕಾರು ರಸ್ತೆಯ ಪಕ್ಕದ ಧರೆಗೆ ಹೊಡೆಯಿತು. ವೇಗವೇನೂ ಹೆಚ್ಚಿರಲಿಲ್ಲ, ನಲವತ್ತು ಇದ್ದಿರಬಹುದು ಎಂದು ಕಾರಿನಲ್ಲಿದ್ದವರೆಲ್ಲ ಹೇಳಿದರು. ದೊಡ್ಡವರಿಗೆ ತರಚು ಗಾಯ. ಮಗು ಡ್ಯಾಶ್‌ಬೋರ್ಡಿಗೆ ಬಡಿದು ಎಡಗಣ್ಣಿನ ದೃಷ್ಟಿ ಹೋಯಿತು.

ಮಗು ಬೆಳೆದಳು, ಓದಿದಳು, ಈಗ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಒಂದು ಕಣ್ಣು ಕಾಣದ್ದು ಎಷ್ಟೋ ಜನಕ್ಕೆ ಗೊತ್ತಾಗುವುದೂ ಇಲ್ಲ. ಆದರೆ ಅಕ್ಕನ ಕಿವಿಗೆ ಬಿದ್ದ ಮಾತು ಅಷ್ಟು ಸುಲಭವಾಗಿ ಮಾಯಲಿಲ್ಲ. "ಸ್ವಲ್ಪ ಗಟ್ಟಿಯಾಗಿ ಹಿಡಿದುಕೊಳ್ಳಬಾರದಿತ್ತಾ?" ಅತ್ತೆ ಅಂದರು, ಅತ್ತಿಗೆ ಅಂದರು, ಆಸ್ಪತ್ರೆಗೆ ನೋಡಲು ಬಂದವರೆಲ್ಲ ಒಂದೊಂದು ಸಲ ಅಂದು ಹೋದರು. ಡ್ರೈವರನ್ನು ಬೈದವರಿಲ್ಲ, ಎಮ್ಮೆ ಬಿಟ್ಟವರನ್ನು ಬೈದವರಿಲ್ಲ. ತಾಯಿಯ ಕೈ ಜಾರಿತು ಎಂದೇ ಮೂವತ್ತು ವರ್ಷ ಮಾತಾಯಿತು. ಅವಳೂ ಹಾಗೇ ನಂಬಿದ್ದಳು.

ಈಚೆಗೆ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರಿಂದ ಒಂದು ಲೆಕ್ಕ ಮಾಡಿಸಿದೆ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಏನಕ್ಕಾದರೂ ಹೊಡೆದು ಅರ್ಧ ಮೀಟರಿನೊಳಗೆ ನಿಂತರೆ, ನಿಲ್ಲಲು ಹಿಡಿಯುವ ಸಮಯ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಆ ಹೊತ್ತಿನಲ್ಲಿ 7 ಕೆ.ಜಿ.ಯ ಮಗುವನ್ನು ತಡೆದು ಹಿಡಿಯಬೇಕಾದರೆ ಸುಮಾರು 90 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕು. ಇಪ್ಪತ್ತು ಅಡಿ ಎತ್ತರದಿಂದ ಬಿದ್ದರೆ ನೆಲಕ್ಕೆ ತಾಗುವಾಗ ಇರುವ ವೇಗವೂ ಇಷ್ಟೇ. ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಅಕ್ಕನಿಗೆ ತೋರಿಸಿದೆ. ಎರಡು ಸಲ ಓದಿದಳು. "ತೊಂಬತ್ತು ಕೆ.ಜಿ.ಯಾ?" ಅಂದಳು. ಮತ್ತೇನೂ ಮಾತಾಡಲಿಲ್ಲ. ಚೀಟಿಯನ್ನು ನನಗೆ ವಾಪಸು ಕೊಡಲೂ ಇಲ್ಲ.

ಈ ತಿಳಿವಳಿಕೆ ಮುಂದುವರಿದ ದೇಶಗಳಿಗೂ ತಡವಾಗಿಯೇ ಬಂತು. 1930ರ ದಶಕದಲ್ಲಿ ಅಮೆರಿಕದಲ್ಲಿ ಮಕ್ಕಳ ಸೀಟು ಮಾರಾಟಕ್ಕೆ ಬಂದಿತ್ತಾದರೂ ಅದು ಮಗುವನ್ನು ಎತ್ತರದಲ್ಲಿ ಕೂರಿಸಿ ಕಿಟಕಿಯಾಚೆ ತೋರಿಸಲಿಕ್ಕೆ, ಓಡಾಡಿ ತೊಂದರೆ ಕೊಡದಂತೆ ಒಂದು ಕಡೆ ನಿಲ್ಲಿಸಲಿಕ್ಕೆ. ರಕ್ಷಣೆಯ ಯೋಚನೆಯೇ ಅದರಲ್ಲಿರಲಿಲ್ಲ. ದೊಡ್ಡವರ ಸೊಂಟಕ್ಕೂ ಹೆಗಲಿಗೂ ಸೇರಿಸಿ ಬಿಗಿಯುವ ಮೂರು ಬಿಂದುಗಳ ಬೆಲ್ಟನ್ನು ಸ್ವೀಡನ್ನಿನ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ತಂದದ್ದು 1959ರಲ್ಲಿ. 1962ರಲ್ಲಿ ಬ್ರಿಟನ್ನಿನ ಜೀನ್ ಏಮ್ಸ್ ಎಂಬ ಪತ್ರಕರ್ತೆ ಹಿಂಬದಿಗೆ ಮುಖ ಮಾಡಿದ, ಪಟ್ಟಿ ಇರುವ ಮಕ್ಕಳ ಸೀಟನ್ನು ರೂಪಿಸಿದರು. ಅದೇ ಹೊತ್ತಿಗೆ ಅಮೆರಿಕದ ಡೆನ್ವರಿನ ಲೆನ್ ರಿವ್ಕಿನ್ ಲೋಹದ ಚೌಕಟ್ಟಿನ ಸೀಟೊಂದನ್ನು ಮಾಡಿದರು. ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಅವರದು ಇನ್ನೂ ಸ್ವಾರಸ್ಯದ ಕಥೆ. ಜೆಮಿನಿ ಗಗನಯಾತ್ರಿಗಳು ಬೆನ್ನು ಪೂರ್ತಿ ಆನಿಸಿ ಮಲಗಿದಂತೆ ಕೂತಿರುವುದನ್ನು ನೋಡಿ, ಮಗುವಿಗೂ ಹೀಗೇ ಬೆನ್ನು ಕೊಟ್ಟರೆ ಹೊಡೆತ ಇಡೀ ಬೆನ್ನಿಗೆ ಹಂಚಿಹೋಗುತ್ತದಲ್ಲ ಎಂದು ಅವರಿಗೆ ಹೊಳೆಯಿತಂತೆ. ಕೂಸಿನ ತಲೆ ಮೈಗೆ ಹೋಲಿಸಿದರೆ ದೊಡ್ಡದು, ಕತ್ತು ಎಳೆಯದು. ಮುಂದಕ್ಕೆ ಮುಖ ಮಾಡಿದ್ದರೆ ಮೈಯನ್ನು ಪಟ್ಟಿ ಹಿಡಿದರೂ ತಲೆ ಎಸೆದಂತೆ ಮುಂದೆ ಹೋಗುತ್ತದೆ. ಬಾಣಂತಿ ಮನೆಯಲ್ಲಿ ಅಜ್ಜಿಯರು "ಕತ್ತು ಹಿಡಿ, ಕತ್ತು ಹಿಡಿ" ಎಂದು ಹೇಳುತ್ತಿದ್ದ ಮಾತನ್ನೇ ಆಲ್ಡ್‌ಮನ್ ಕುರ್ಚಿಯಾಗಿ ಮಾಡಿದರು ಎನ್ನಬಹುದು.

ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಟೆನ್ನೆಸಿಯ ಸಂಗತಿ. ಅಮೆರಿಕದ ಆ ರಾಜ್ಯದಲ್ಲಿ ರಾಬರ್ಟ್ ಸ್ಯಾಂಡರ್ಸ್ ಎಂಬ ಮಕ್ಕಳ ವೈದ್ಯರು ಶಾಸನಸಭೆಯ ಬೆನ್ನುಹತ್ತಿ 1977ರಲ್ಲಿ ಮಕ್ಕಳ ಸೀಟನ್ನು ಕಡ್ಡಾಯ ಮಾಡಿಸಿದರು. ಆ ದೇಶದಲ್ಲಿ ಅಂಥ ಕಾನೂನು ಅದೇ ಮೊದಲು. ಸಭೆಯವರು ಅದಕ್ಕೊಂದು ವಿನಾಯಿತಿ ಸೇರಿಸಿದರು: ದೊಡ್ಡವರ ತೋಳಿನಲ್ಲಿರುವ ಕೂಸಿಗೆ ಸೀಟು ಬೇಡ. ಅಲ್ಲಿಯೂ ಅಮ್ಮನ ಮಡಿಲಿಗಿಂತ ಸುರಕ್ಷಿತ ಜಾಗವಿಲ್ಲವೆಂಬ ನಂಬಿಕೆ! ಡಾಕ್ಟರು ಅದನ್ನು 'ಮಗುವನ್ನು ಜಜ್ಜುವ ತಿದ್ದುಪಡಿ' ಎಂದೇ ಕರೆದರು. ಹಿಡಿದವರೇ ಬೆಲ್ಟಿಲ್ಲದೆ ಕೂತಿದ್ದರೆ ಅವರ ಮೈಭಾರವೂ ಮಗುವಿನ ಮೇಲೆಯೇ ಬೀಳುತ್ತದೆ. 1981ರಲ್ಲಿ ಆ ವಿನಾಯಿತಿ ಹೋಯಿತು. 1985ರ ಹೊತ್ತಿಗೆ ಅಲ್ಲಿನ ಎಲ್ಲ ರಾಜ್ಯಗಳಲ್ಲೂ ಕಾನೂನು ಬಂದಿತ್ತು. ನಮ್ಮ ಅಕ್ಕ ಆ ಕಾರು ಹತ್ತಿದ್ದು ಅದಾಗಿ ಎಂಟು ವರ್ಷಕ್ಕೆ. ಆದರೆ ತೀರ್ಥಹಳ್ಳಿಗೆ ಆ ಸುದ್ದಿ ತಂದುಕೊಡುವವರು ಯಾರಿದ್ದರು?

ನಮ್ಮಲ್ಲಿ ಮುಂದಿನ ಸೀಟುಗಳಿಗೆ ಬೆಲ್ಟು ಕಡ್ಡಾಯವಾಗಿ ಬಂದದ್ದೇ 1994ರಲ್ಲಿ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಕಲಮು ಸೇರಿತು. ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಲೋ ಮಕ್ಕಳ ಸೀಟಿನಿಂದಲೋ ಭದ್ರಪಡಿಸದೆ ಕಾರು ಓಡಿಸಿದರೆ 1000 ರೂಪಾಯಿ ದಂಡ. 2023ರ ಫೆಬ್ರವರಿಯಿಂದ, ಸ್ಕೂಟರಿನಲ್ಲಿ ಕರೆದೊಯ್ಯುವ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಸವಾರರ ಮೈಗೆ ಸೇರಿಸಿ ಕಟ್ಟುವ ಪಟ್ಟಿ, ಒಂಬತ್ತು ತಿಂಗಳು ದಾಟಿದವರಿಗೆ ಹೆಲ್ಮೆಟ್ಟು, ವೇಗ 40ರೊಳಗೆ ಎಂಬ ನಿಯಮವೂ ಇದೆ. ಕಾಗದದ ಮೇಲೆ ನಾವು ಯಾರಿಗೂ ಕಡಿಮೆಯಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಶಾಲೆಯ ಮುಂದೆ ನಿಂತು, ಒಂದು ಆಟೋದಿಂದ ಎಷ್ಟು ಮಕ್ಕಳು ಇಳಿಯುತ್ತಾರೆಂದು ಎಣಿಸಿದರೆ ಆ ಕಾಗದದ ಬೆಲೆ ಗೊತ್ತಾಗುತ್ತದೆ.

ಬೆಂಗಳೂರಿನಿಂದ ಮಗಳು ಬಾಣಂತನ ಮುಗಿಸಿಕೊಂಡು ಹೊರಡುವ ಸಮಯದಲ್ಲಿ ಅಳಿಯ ಒಂದು ಸೀಟು ತಂದ. ನಮ್ಮ ಅತ್ತೆಯವರಿಗೆ ಎಂಬತ್ತಾರು. "ಕರುವನ್ನು ಕಟ್ಟಿದ ಹಾಗೆ ಕಟ್ಟುತ್ತೀರಲ್ಲ, ನಾನಿಲ್ಲವಾ ಎತ್ತಿಕೊಳ್ಳಲಿಕ್ಕೆ?" ಎಂದು ಮುಖ ಬಾಡಿಸಿದರು. ನಾನು ಲೆಕ್ಕ ಹೇಳಲು ಹೋಗಲಿಲ್ಲ. ತೊಟ್ಟಿಲಿನಲ್ಲಿ ಮಲಗಿಸಿ ಬಟ್ಟೆ ಸುತ್ತಿ ಕಟ್ಟುತ್ತಿದ್ದವರು ಯಾರು ಎಂದು ಮಾತ್ರ ಕೇಳಿದೆ.

ಆ ದಿನ ಕಾರಿನ ಬಾಗಿಲಲ್ಲಿ ನಿಂತು ನೋಡಿ ಕಲಿತದ್ದನ್ನು ಹೇಳುತ್ತೇನೆ, ನಿಮ್ಮ ಮನೆಗೂ ಮೊಮ್ಮಕ್ಕಳು ಬರುವವರೇ. ಸೀಟು ಹಿಂದಿನ ಸಾಲಿನಲ್ಲಿರಬೇಕು. ಮುಂದಿನ ಸೀಟಿನಲ್ಲಿ, ಗಾಳಿಚೀಲ ಇರುವ ಕಡೆ, ಹಿಂಬದಿಗೆ ಮುಖ ಮಾಡಿದ ಕೂಸನ್ನು ಇಡುವುದು ಪ್ರಾಣಕ್ಕೇ ಅಪಾಯ. ಚೀಲ ಸಿಡಿದರೆ ನೇರ ಸೀಟಿನ ಬೆನ್ನಿಗೆ, ಅಂದರೆ ಮಗುವಿನ ತಲೆಯ ಹಿಂದಕ್ಕೇ ಹೊಡೆಯುತ್ತದೆ. ಹೊಸ ಕಾರುಗಳಲ್ಲಿ ಹಿಂದಿನ ಸೀಟಿನ ಬೆನ್ನೂ ಕೂರುವ ಜಾಗವೂ ಸೇರುವ ಸಂದಿನಲ್ಲಿ ಐಸೋಫಿಕ್ಸ್ ಎಂಬ ಉಕ್ಕಿನ ಕೊಂಡಿಗಳಿರುತ್ತವೆ, ಅದಕ್ಕೆ ಹೊಂದುವ ಸೀಟಾದರೆ ಟಕ್ಕೆಂದು ಕೂರುತ್ತದೆ. ಇಲ್ಲದಿದ್ದರೆ ಕಾರಿನ ಬೆಲ್ಟಿನಿಂದಲೇ ಕಟ್ಟಬೇಕು. ಬೆಲ್ಟು ಯಾವ ದಾರಿಯಲ್ಲಿ ಹಾಯಬೇಕೆಂದು ಸೀಟಿನ ಮೇಲೆ ಬಣ್ಣದ ಗುರುತಿರುತ್ತದೆ. ಅಳಿಯ ಸೀಟಿನ ಮೇಲೆ ಮಂಡಿಯೂರಿ, ಮೈಭಾರ ಬಿಟ್ಟು, ಬೆಲ್ಟು ಜಗ್ಗಿದ. ಆಮೇಲೆ ಬೆಲ್ಟು ಹಾಯುವ ಜಾಗದಲ್ಲೇ ಹಿಡಿದು ಅಲುಗಿಸಿದ. ಒಂದು ಅಂಗುಲಕ್ಕಿಂತ ಹೆಚ್ಚು ಅಲುಗಬಾರದು. ಮೊದಲ ಸಲ ಮೂರು ಅಂಗುಲ ಅಲುಗಿತು, ಬಿಚ್ಚಿ ಮತ್ತೆ ಕಟ್ಟಿದ. ಮೂರನೆಯ ಸಲಕ್ಕೆ ಸರಿಯಾಯಿತು.

ಮಗುವಿನ ಹೆಗಲ ಪಟ್ಟಿ, ಹಿಂಬದಿಗೆ ಮುಖ ಮಾಡಿದ್ದಾಗ, ಹೆಗಲ ಮಟ್ಟದಿಂದಲೋ ಅದಕ್ಕಿಂತ ಸ್ವಲ್ಪ ಕೆಳಗಿನಿಂದಲೋ ಬರಬೇಕು. ಮುಂದಕ್ಕೆ ತಿರುಗಿಸಿದ ಮೇಲೆ ಹೆಗಲಿಗಿಂತ ಸ್ವಲ್ಪ ಮೇಲಿನಿಂದ. ಬಿಗಿ ಸರಿಯಾಗಿದೆಯೇ ಎಂದು ನೋಡಲು ಹೆಗಲ ಬಳಿ ಪಟ್ಟಿಯನ್ನು ಚಿವುಟಬೇಕು, ಮಡಿಕೆ ಬೆರಳಿಗೆ ಸಿಕ್ಕರೆ ಸಡಿಲ ಎಂದರ್ಥ. ಆಗುಂಬೆಯ ಚಳಿಮಳೆಗೆ ಹೆದರಿ ನಾವು ಮಗುವಿಗೆ ಎರಡು ಸ್ವೆಟರು, ಮೇಲೊಂದು ಶಾಲು ಸುತ್ತುತ್ತೇವಲ್ಲ, ಅದು ಇಲ್ಲಿ ನಡೆಯದು. ದಪ್ಪ ಬಟ್ಟೆ ಹೊಡೆತಕ್ಕೆ ಅಮುಕಿಕೊಂಡು ಪಟ್ಟಿ ಸಡಿಲವಾಗುತ್ತದೆ. ಪಟ್ಟಿ ಬಿಗಿದ ಮೇಲೆ ಕಂಬಳಿ ಹೊದಿಸಬೇಕು. ಹದಿನೈದು ತಿಂಗಳವರೆಗಾದರೂ ಹಿಂಬದಿಗೇ ಮುಖವಿರಲಿ ಎನ್ನುವುದು ಯುರೋಪಿನ ಹೊಸ ನಿಯಮ, ಸ್ವೀಡನ್ನಿನವರು ನಾಲ್ಕು ವರ್ಷದವರೆಗೂ ಎನ್ನುತ್ತಾರೆ. ಕಾಲು ಮಡಚಿಕೊಳ್ಳುತ್ತದೆಂದು ಮರುಗುವುದು ಬೇಡ, ಮಕ್ಕಳಿಗೆ ಚಕ್ಕಳಮಕ್ಕಳ ಹಾಕುವುದು ಯಾರೂ ಕಲಿಸಿಕೊಡಬೇಕಾದ್ದಲ್ಲ. ಇನ್ನು ದೊಡ್ಡ ಮಕ್ಕಳಿಗೆ ಎತ್ತರದ ಪೀಠವಿಟ್ಟು ಕಾರಿನ ಬೆಲ್ಟನ್ನೇ ಹಾಕಬೇಕು. ಅದು ಹೊಟ್ಟೆಯ ಮೇಲಲ್ಲ, ಉಡಿದಾರ ಕಟ್ಟುವಷ್ಟು ಕೆಳಗೆ, ಸೊಂಟದ ಮೂಳೆಯ ಮೇಲೆ ಬರಬೇಕು. ಮೇಲಿನ ಪಟ್ಟಿ ಕತ್ತಿಗೆ ಉಜ್ಜದೆ ಹೆಗಲ ಮಧ್ಯೆ ಹಾಯಬೇಕು.

ಹೊರಟ ದಿನ ಮಗು ತೀರ್ಥಹಳ್ಳಿ ದಾಟುವವರೆಗೂ ಅತ್ತಿತಂತೆ, ಆಮೇಲೆ ಶಿವಮೊಗ್ಗದವರೆಗೆ ನಿದ್ದೆ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಹಾಲು ಕೊಟ್ಟೆ, ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚಲಿಲ್ಲ ಎಂದು ಮಗಳು ಫೋನಿನಲ್ಲಿ ಹೇಳಿದಳು. ಅತ್ತೆಯವರು ಕೇಳಿಸಿಕೊಂಡು "ಹಾಲು ಕೊಟ್ಟಳಾ, ಸರಿ" ಎಂದರು.

ನಮ್ಮ ಮನೆಯ ತೊಟ್ಟಿಲು ಹಲಸಿನ ಮರದ್ದು, ನಾಲ್ಕು ತಲೆಮಾರಿನ ಮಕ್ಕಳು ಅದರಲ್ಲಿ ಮಲಗಿ ಎದ್ದಿದ್ದಾರೆ. ಈ ಸೀಟಿಗೆ ಅಂಥ ಭಾಗ್ಯವಿಲ್ಲ. ತಳದಲ್ಲಿ ತಾರೀಕು ಅಚ್ಚಾಗಿದೆ, ಪ್ಲಾಸ್ಟಿಕ್ಕು ಬಿಸಿಲಿಗೆ ಸವೆಯುತ್ತದೆ. ಒಮ್ಮೆ ಅಪಘಾತ ಕಂಡ ಸೀಟನ್ನು, ನೋಡಲು ಚೆನ್ನಾಗಿದ್ದರೂ, ಮತ್ತೊಂದು ಮಗುವಿಗೆ ದಾಟಿಸುವಂತಿಲ್ಲ. ಮಗು ಬೆಳೆದ ಮೇಲೆ ಅಟ್ಟಕ್ಕೆ ಹಾಕಿಡೋಣವೇ ಎಂದು ಕೇಳಿದ್ದಕ್ಕೆ ಮಗಳು ಬೇಡವೆಂದಳು. ಅಕ್ಕನ ಮಗಳಿಗೆ ಈ ಮಾಘದಲ್ಲಿ ಹೆರಿಗೆ. ಅವಳಿಗೆ ಹೊಸದನ್ನೇ ಕೊಡಿಸುವುದೆಂದು ಅಕ್ಕನೂ ನಾನೂ ಮಾತಾಡಿಕೊಂಡಿದ್ದೇವೆ, ಅರ್ಧರ್ಧ ದುಡ್ಡು ಹಾಕಿ.