ಚಿತ್ರತುರಗವೂ ಸುತ್ತುಪಟವೂ

ಭರತನ ರಸಸೂತ್ರವನ್ನು ವಿವರಿಸುವಾಗ ಶ್ರೀಶಂಕುಕನು ಚಿತ್ರದ ಕುದುರೆಯನ್ನು ದೃಷ್ಟಾಂತವಾಗಿ ಕೊಟ್ಟನೆಂಬುದು ಅಭಿನವಗುಪ್ತನ ವ್ಯಾಖ್ಯಾನದಿಂದ ತಿಳಿದುಬರುತ್ತದೆ. ಬರೆದ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುವಾಗಿನ ಅರಿವು ಸಮ್ಯಗ್ಜ್ಞಾನವಲ್ಲ, ಮಿಥ್ಯಾಜ್ಞಾನವಲ್ಲ, ಸಂಶಯವಲ್ಲ, ಸಾದೃಶ್ಯಜ್ಞಾನವೂ ಅಲ್ಲ. ಈ ನಾಲ್ಕರಿಂದಲೂ ಬೇರೆಯಾದುದು. ಕಂಡವನು ಅದಕ್ಕೆ ಹುಲ್ಲು ಹಾಕಹೋಗುವುದಿಲ್ಲ. ಆದರೂ ಕುದುರೆಯನ್ನು ಕಂಡೆನೆಂದೇ ಹೇಳುತ್ತಾನೆ. ಭಟ್ಟತೌತನು ಶಂಕುಕನ ಮತವನ್ನು ಖಂಡಿಸಿದನಾದರೂ ದೃಷ್ಟಾಂತವು ಉಳಿದುಬಂದಿದೆ. ನೋಡುವವನನ್ನು ಚಿತ್ರದ ಒಳಕ್ಕೇ ಕರೆದೊಯ್ಯಲೆಳಸುವ ಇಂದಿನ ಯಂತ್ರಕಲೆಗೆ ಇದೊಂದು ಒಳ್ಳೆಯ ಒರೆಗಲ್ಲು. ಕನ್ನಡನಾಡಿನ ಎರಡು ಸ್ಥಳಗಳು, ಇನ್ನೂರು ವರ್ಷಗಳ ಅಂತರದಲ್ಲಿ, ಇಂತಹ ಎರಡು ಕೃತಿಗಳಿಗೆ ವಸ್ತುವಾದುವು. ಅವೆರಡನ್ನೂ ಜೊತೆಯಲ್ಲಿಟ್ಟು ನೋಡುವುದು ಉಚಿತವಾಗಿದೆ.

ಮೊದಲನೆಯದರ ಹಿನ್ನೆಲೆ ಬ್ರಿಟನ್ನಿನದು. ರಾಬರ್ಟ್ ಬಾರ್ಕರನು 1787ರಲ್ಲಿ ಹೊಸ ಬಗೆಯ ಚಿತ್ರಪ್ರದರ್ಶನವೊಂದಕ್ಕೆ ಹಕ್ಕುಪತ್ರವನ್ನು ಪಡೆದನು. ‘ಪನೋರಮಾ’ ಎಂಬ ಹೆಸರು ಅದಕ್ಕೆ ಅನಂತರ ಬಂದಿತು. ದುಂಡಾದ ಕಟ್ಟಡದ ಒಳಗೋಡೆಗೆ ಪಟವನ್ನು ಸುತ್ತಲೂ ಹರಡಿ, ನೋಡುವವರನ್ನು ನಡುವಣ ಜಗುಲಿಯ ಮೇಲೆ ನಿಲ್ಲಿಸುವುದು. ಪಟದ ಮೇಲಂಚೂ ಕೆಳಗಂಚೂ ಕಾಣದಂತೆ ಮರೆಮಾಡುವುದು. ಬೆಳಕನ್ನು ಮೇಲಿನಿಂದ ಬಿಡುವುದು. ಇದಿಷ್ಟೇ ಅವನ ಯುಕ್ತಿ. ಅಂಚು ಕಾಣದಿದ್ದರೆ ಚಿತ್ರವು ಚಿತ್ರವೆಂಬ ನೆನಪೂ ಮಾಸುತ್ತದೆ. 1793ರಲ್ಲಿ ಲಂಡನ್ನಿನ ಲೆಸ್ಟರ್ ಚೌಕದಲ್ಲಿ ಇದಕ್ಕೆಂದೇ ಕಟ್ಟಿಸಿದ ಮಂದಿರವು ತೆರೆಯಿತು.

ಶ್ರೀರಂಗಪಟ್ಟಣದ ಕೋಟೆಯು ಬಿದ್ದು ಟೀಪು ಸುಲ್ತಾನನು ಮಡಿದುದು 1799ರ ಮೇ 4ರಂದು. ಮರುವರ್ಷ, 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಲಂಡನ್ನಿನ ಲೈಸಿಯಮ್ ಮಂದಿರದಲ್ಲಿ ಆ ಲಗ್ಗೆಯ ಮಹಾಚಿತ್ರವನ್ನು ಪ್ರದರ್ಶಿಸಿದನು. ಸುಮಾರು 120 ಅಡಿ ಉದ್ದದ ಆ ಪಟವು ಪೂರ್ಣವೃತ್ತವಾಗಿರದಿದ್ದರೂ ನೋಡುವವರನ್ನು ಬಳಸಿ ಬಾಗಿತ್ತು. ಕೋಟೆಯ ಒಡಕು, ಅದನ್ನೇರುವ ಸೈನಿಕರು, ಅವರನ್ನು ಹುರಿದುಂಬಿಸುವ ಸೇನಾನಿ ಬೇರ್ಡ್ ಇವೆಲ್ಲ ಅದರಲ್ಲಿದ್ದುವು. ಮೂಲಪಟವು ಉಳಿದಿಲ್ಲ, ಅದರಿಂದ ತೆಗೆದ ಕೆತ್ತನೆಯ ಅಚ್ಚುಗಳು ಉಳಿದಿವೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು: ಪೋರ್ಟರನು ಇಂಡಿಯಾ ದೇಶವನ್ನು ಕಂಡವನಲ್ಲ. ಚಿತ್ರಕಾರನೇ ನೋಡದ ಯುದ್ಧಕ್ಕೆ ಲಂಡನ್ನಿನ ಪ್ರಜೆಗಳು ಪ್ರತ್ಯಕ್ಷಸಾಕ್ಷಿಗಳಂತಾದರು; ಅವರು ನಿಂತ ನೆಲೆಯೂ ಮುತ್ತಿಗೆ ಹಾಕಿದವರದೇ.

ಪಕ್ಷಪಾತವು ಒಂದು ಕಡೆಯವರಿಗೇ ಮೀಸಲಲ್ಲ. 1780ರ ಪೊಳ್ಳಿಲೂರಿನ ಕಾಳಗದಲ್ಲಿ ಹೈದರನೂ ಟೀಪುವೂ ಗೆದ್ದುದನ್ನು ಶ್ರೀರಂಗಪಟ್ಟಣದ ದರಿಯಾದೌಲತ್ ಅರಮನೆಯ ಭಿತ್ತಿಚಿತ್ರವು ಮೆರೆಸುತ್ತದೆ. ಅದೂ ಗೆದ್ದವರ ಚಿತ್ರವೇ. ಆದರೆ ಅಲ್ಲಿ ಗೋಡೆಯು ಗೋಡೆಯಾಗಿಯೇ ಉಳಿದಿದೆ. ನೋಡುವವನು ತಾನು ಕಂಬಸಾಲಿನ ಕೈಸಾಲೆಯಲ್ಲಿ ನಿಂತಿರುವುದನ್ನು ಮರೆಯುವುದಿಲ್ಲ. ಪೋರ್ಟರನ ಪಟವಾದರೋ ತನ್ನ ಪಕ್ಷವನ್ನು ಸ್ಥಳದ ಸ್ವರೂಪವೆಂದೇ ತೋರಿಸಿತು.

ಎರಡನೆಯ ಕೃತಿ ಹಂಪೆಯದು. ಸಾರಾ ಕೆಂಡರ್ಡೈನ್ ಮತ್ತು ಜೆಫ್ರಿ ಶಾ ಅವರು ರಚಿಸಿದ ‘ಪ್ಲೇಸ್-ಹಂಪಿ’ಯು 2006ರಲ್ಲಿ ಫ್ರಾನ್ಸಿನ ಲೀಲ್ ನಗರದಲ್ಲಿ ಪ್ರದರ್ಶಿತವಾಯಿತು, 2012ರಲ್ಲಿ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ ಕಲಾಧಾಮದಲ್ಲಿ ಅದಕ್ಕೆ ನೆಲೆ ದೊರೆಯಿತು. ಇದರಲ್ಲಿಯೂ ಸುತ್ತುತೆರೆಯುಂಟು, ನಡುವೆ ಜಗುಲಿಯುಂಟು. ಆದರೆ ಜಗುಲಿಯು ತಿರುಗುತ್ತದೆ, ತಿರುಗಿಸುವವನು ನೋಡುವವನೇ. ಎರಡು ಕಣ್ಣುಗಳಿಗೂ ಬೇರೆಬೇರೆ ಬಿಂಬಗಳನ್ನು ಒದಗಿಸುವ ಕನ್ನಡಕವನ್ನು ಧರಿಸಿ, ಅವನು ಒಂದು ಕೃತಕ ಬಯಲಿನಲ್ಲಿ ಸಂಚರಿಸುತ್ತ, ಹಂಪೆಯ ಒಂದೊಂದು ಸ್ಥಳವನ್ನು ಒಳಗೊಂಡ ಒಂದೊಂದು ಛಾಯಾಚಿತ್ರವೃತ್ತವನ್ನು ಹೊಗುತ್ತಾನೆ. ಹಾಳುಗಳ ನಡುವೆ ಪುರಾಣದ ದೇವತೆಗಳು ಚಲಿಸುವ ಚಿತ್ರಗಳಾಗಿ ಕಾಣಿಸಿಕೊಳ್ಳುತ್ತಾರೆ.

ಈ ಛಾಯಾಚಿತ್ರಗಳನ್ನು ಸ್ಥಳದಲ್ಲಿಯೇ ತೆಗೆದವರು ಜಾನ್ ಗೋಲಿಂಗ್ಸ್. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು 1856ರಲ್ಲಿ ಮೇಣಗಾಗದದ ಮೇಲೆ ಹಿಡಿದ ಹಂಪೆಯ ಚಿತ್ರಗಳನ್ನು ಮುಂದಿಟ್ಟುಕೊಂಡು, ಅದೇ ನೆಲೆಗಳಿಂದ 1983ರಲ್ಲಿ ಮತ್ತೆ ಚಿತ್ರ ತೆಗೆದವರು ಅವರೇ. ಆದುದರಿಂದ ಈ ಕೃತಿಯ ಕಲ್ಲುಗಳಿಗೆ ಸಾಕ್ಷಿಯುಂಟು. ದೇವತೆಗಳಿಗೆ ಅಂತಹ ಸಾಕ್ಷಿಯಿಲ್ಲ. ಇದೆಯೆಂದು ಕೃತಿಯು ನಟಿಸುವುದೂ ಇಲ್ಲ. ಕನ್ನಡಕ, ಜಗುಲಿ, ವೃತ್ತದಿಂದ ವೃತ್ತಕ್ಕೆ ದಾಟುವ ಎಡೆ ಇವು ಇದು ಚಿತ್ರವೆಂಬುದನ್ನು ಹೆಜ್ಜೆಹೆಜ್ಜೆಗೂ ನೆನಪಿಸುತ್ತವೆ. ಶಂಕುಕನ ಕುದುರೆಯು ಇಲ್ಲಿ ಕುದುರೆಯೂ ಹೌದು, ಚಿತ್ರವೂ ಹೌದು.

ಹೀಗೆಂದು ಎರಡನೆಯದು ನಿರ್ದೋಷವೆನ್ನಲಾಗದು. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿಮನೆಗಳನ್ನು ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವುಮಾಡಿದರು. ಆ ಬೀದಿಯು ಬದಲಾಯಿತು. ಅದಕ್ಕೆ ಮೊದಲೇ ತೆಗೆದ ಛಾಯಾಚಿತ್ರವು ಬದಲಾಗಲಾರದು. ಯಂತ್ರದ ಹಂಪೆಯು ಸದಾ ವರ್ತಮಾನದಲ್ಲಿರುವಂತೆ ತೋರುತ್ತದೆಯಾಗಿ, ಅದನ್ನೂ ಶಾಸನದಂತೆ ಕಾಲವನ್ನು ಗೊತ್ತುಮಾಡಿಕೊಂಡೇ ಓದಬೇಕು.

ಒಟ್ಟಿನಲ್ಲಿ, ಚಿತ್ರವು ವಸ್ತುವಿನಂತೆ ತೋರುವುದು ದೋಷವಲ್ಲ. ಅದು ಕಲೆಯ ಸಹಜಧರ್ಮ. ಕಂಡವರು ಯಾರು, ಎಲ್ಲಿ ನಿಂತು ಕಂಡರು, ಯಾವಾಗ ಕಂಡರು ಎಂಬ ಪ್ರಶ್ನೆಗಳನ್ನು ಅಡಗಿಸಿದಾಗ ಮಾತ್ರ ಚಿತ್ರಪ್ರತೀತಿಯು ಭ್ರಮೆಯಾಗುತ್ತದೆ. ಲೈಸಿಯಮ್ಮಿನ ಪ್ರೇಕ್ಷಕರು ಆ ಪ್ರಶ್ನೆಗಳನ್ನು ಹೊರಗೆ ಬಿಟ್ಟು ಒಳಹೊಕ್ಕರು. ಕಲಾಧಾಮದ ಪ್ರೇಕ್ಷಕನ ಕೈಯಲ್ಲಿ ಜಗುಲಿಯ ಚಾಲನೆಯಿದೆ. ಆ ಪ್ರಶ್ನೆಗಳನ್ನು ಜೊತೆಯಲ್ಲಿ ಒಯ್ಯುವ ಹೊಣೆಯೂ ಅವನದೇ.