ಮನೆಯವರು ಮರೆಸಿದ್ದು, ಕಡತ ಉಳಿಸಿದ್ದು

ಬ್ರಿಟಿಷ್ ನಟ ಮೈಕಲ್ ಕೇನ್‌ಗೆ ತನಗೊಬ್ಬ ಅಣ್ಣನಿದ್ದಾನೆಂದು ಗೊತ್ತಾದದ್ದು 1991ರಲ್ಲಿ, ಐವತ್ತೆಂಟನೆಯ ವಯಸ್ಸಿನಲ್ಲಿ. ಹೇಳಿದವರು ನೆಂಟರಲ್ಲ, ಪತ್ರಿಕೆಯೊಂದರ ವರದಿಗಾರ. ಲಂಡನ್ನಿನಲ್ಲಿ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದ ತಾಯಿ ಎಲೆನ್, ಮದುವೆಗೆ ಮುಂಚೆ ಒಬ್ಬ ಮಗನನ್ನು ಹೆತ್ತಿದ್ದಳು. ಹುಡುಗನಿಗೆ ಮೂರ್ಛೆರೋಗ. ಅವನ ಬಾಳು ಆಸ್ಪತ್ರೆಯಲ್ಲೇ ಕಳೆಯಿತು. ಕೊನೆಗೆ ಇದ್ದದ್ದು ಲಂಡನ್ನಿನ ದಕ್ಷಿಣದಲ್ಲಿದ್ದ ಕೇನ್ ಹಿಲ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ. ತಾಯಿ ಸೋಮವಾರ ಸೋಮವಾರ ಹೋಗಿ ಅವನನ್ನು ನೋಡಿ ಬರುತ್ತಿದ್ದಳು. ಕಿರಿಯ ಮಗ ಜಗತ್ತಿಗೆಲ್ಲ ಗೊತ್ತಿರುವ ನಟನಾದ ಮೇಲೂ ಆ ಸೋಮವಾರಗಳ ಸುದ್ದಿ ಅವನ ಕಿವಿಗೆ ಬೀಳಲಿಲ್ಲ. 1989ರಲ್ಲಿ ಆಕೆ ತೀರಿಕೊಂಡಾಗಲೂ ಗುಟ್ಟು ಗುಟ್ಟಾಗಿಯೇ ಇತ್ತು.

ಮಗ ಪ್ರಸಿದ್ಧನಾಗಿದ್ದರಿಂದ ಅಲ್ಲೊಬ್ಬ ವರದಿಗಾರ ಬಂದ. ಸಾಮಾನ್ಯರ ಮನೆಯಲ್ಲಿ ಮುಚ್ಚಿಟ್ಟದ್ದನ್ನು ಮರಿಮಕ್ಕಳೇ ಅಗೆದು ತೆಗೆಯಬೇಕು. ಇಂಗ್ಲೆಂಡಿನಲ್ಲಿ ವಂಶಾವಳಿ ಹುಡುಕುವುದು ಲಕ್ಷಾಂತರ ಜನರ ಹವ್ಯಾಸ. ಮುತ್ತಜ್ಜಿಯೊಬ್ಬಳು ಒಂದು ಜನಗಣತಿಯಲ್ಲಿ ಇದ್ದು ಮುಂದಿನದರಲ್ಲಿ ಕಾಣೆಯಾದರೆ, ಸಾವಿನ ದಾಖಲೆಯೂ ಸಿಗದಿದ್ದರೆ, ಅನುಭವಿಗಳು ಮೊದಲು ಅನುಮಾನಿಸುವುದು ಹುಚ್ಚಾಸ್ಪತ್ರೆಯನ್ನೇ. ಅನುಮಾನ ಎಷ್ಟೋ ಸಲ ನಿಜವಾಗುತ್ತದೆ. 1845ರ ಕಾಯಿದೆ ಪ್ರತಿಯೊಂದು ಕೌಂಟಿಯೂ ಬಡ ಮನೋರೋಗಿಗಳಿಗಾಗಿ ಆಸ್ಪತ್ರೆ ಕಟ್ಟಲೇಬೇಕೆಂದು ವಿಧಿಸಿತು. 1851ರಲ್ಲಿ ಉತ್ತರ ಲಂಡನ್ನಿನಲ್ಲಿ ತೆರೆದ ಕೋಲ್ನಿ ಹ್ಯಾಚ್‌ನ ಪಡಸಾಲೆಗಳನ್ನೆಲ್ಲ ಒಂದರ ಮುಂದೊಂದು ಜೋಡಿಸಿದರೆ ಆರು ಮೈಲಿಗೂ ಹೆಚ್ಚು ಉದ್ದವಾಗುತ್ತಿತ್ತು. 1900ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರದ ಪಟ್ಟಿಯಲ್ಲಿದ್ದ ಮನೋರೋಗಿಗಳು ಸುಮಾರು 1 ಲಕ್ಷ. 1950ರ ದಶಕದ ನಡುವೆ ಆಸ್ಪತ್ರೆಗಳೊಳಗೇ ಸುಮಾರು ಒಂದೂವರೆ ಲಕ್ಷ ಜನರಿದ್ದರು. ಇಷ್ಟು ಮಂದಿಯಲ್ಲಿ ನಮ್ಮವರು ಯಾರೂ ಇರಲಿಲ್ಲ ಎಂದು ಎದೆ ತಟ್ಟಿ ಹೇಳಬಲ್ಲ ಇಂಗ್ಲಿಷ್ ಮನೆತನಗಳು ಕಡಿಮೆಯೇ.

ಹುಡುಕಾಟ ಶುರುವಾಗುವುದು ಜನಗಣತಿಯಿಂದ. 1871ರಿಂದ ಅದರಲ್ಲಿ ಬುದ್ಧಿಭ್ರಮೆ, ಬುದ್ಧಿಮಾಂದ್ಯ ನಮೂದಿಸಲು ಜಾಗವಿತ್ತು. ಆದರೆ ಆಸ್ಪತ್ರೆಗಳಲ್ಲಿ ಎಣಿಕೆ ಮಾಡಿದವರು ಎಷ್ಟೋ ಕಡೆ ರೋಗಿಯ ಪೂರ್ಣ ಹೆಸರು ಬರೆಯದೆ ಇನಿಷಿಯಲ್ ಮಾತ್ರ ಗೀಚಿದರು. ‘ಎಂ. ಜೆ., 34, ವಿವಾಹಿತೆ’ ಎಂಬಷ್ಟರಿಂದ ಮುತ್ತಜ್ಜಿಯನ್ನು ಗುರುತಿಸುವುದು ಹೇಗೆ? ಆಗ ನೆರವಿಗೆ ಬರುವುದು ಲಂಡನ್ನಿನ ಕ್ಯೂ ಬಡಾವಣೆಯಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಎಂಎಚ್ 94 ಎಂಬ ಸರಣಿ. ದೇಶದ ಮನೋರೋಗಿಗಳ ಮೇಲ್ವಿಚಾರಣೆಗೆ ನೇಮಕವಾಗಿದ್ದ ಲೂನಸಿ ಕಮಿಷನರುಗಳ ಕಚೇರಿ 1846ರಿಂದ ಪ್ರತಿಯೊಬ್ಬ ರೋಗಿಯ ಹೆಸರು, ಸೇರಿದ ದಿನ, ಆಸ್ಪತ್ರೆಯ ಹೆಸರು, ಬಿಡುಗಡೆ ಅಥವಾ ಸಾವಿನ ದಿನಾಂಕವನ್ನು ಒಂದೊಂದು ಸಾಲಿನಲ್ಲಿ ಬರೆದಿಟ್ಟಿತು. ಒಂದು ಸಾಲೇ ಇರಬಹುದು, ಆದರೆ ಯಾವ ಊರಿನ ಕಪಾಟು ತೆಗೆಸಬೇಕೆಂಬುದನ್ನು ಅದು ಹೇಳುತ್ತದೆ.

ಕಪಾಟಿನೊಳಗೆ ಕಾಗದ ಇಷ್ಟೊಂದು ಉಳಿದದ್ದೇಕೆ? ಕರುಣೆಗಿಂತ ದುಡ್ಡಿನ ಪಾತ್ರ ದೊಡ್ಡದು. ಬಡ ರೋಗಿಯ ವೆಚ್ಚ ಭರಿಸಬೇಕಾದದ್ದು ಅವಳ ಊರಿನ ಬಡವರ ನಿಧಿ, ಅಂದರೆ ಅಲ್ಲಿಯ ತೆರಿಗೆದಾರರು. ಇವಳು ನಮ್ಮೂರಿನವಳಲ್ಲ, ಖರ್ಚು ಪಕ್ಕದ ಊರಿನದು ಎಂದು ಊರೂರುಗಳು ಜಗಳವಾಡಿದವು. ಆ ಜಗಳದ ನೆಪದಲ್ಲಿ ರೋಗಿ ಹುಟ್ಟಿದ್ದೆಲ್ಲಿ, ಕೂಲಿ ಮಾಡಿದ್ದೆಲ್ಲಿ, ಗಂಡನ ಮೂಲ ಯಾವುದು ಎಲ್ಲವೂ ಕಾಗದಕ್ಕೆ ಇಳಿದವು. 1874ರಲ್ಲಿ ಸರ್ಕಾರ ಆಸ್ಪತ್ರೆಯಲ್ಲಿರುವ ಪ್ರತಿ ಬಡ ರೋಗಿಗೂ ವಾರಕ್ಕೆ 4 ಷಿಲಿಂಗ್ ಸಹಾಯಧನ ಘೋಷಿಸಿತು. ಬಡವರ ಆಶ್ರಯಾಲಯಗಳಲ್ಲಿದ್ದ ಮುದುಕರನ್ನೂ ಮಂದಬುದ್ಧಿಯವರನ್ನೂ ಅತ್ತ ಸಾಗಿಸುವ ಆಸೆ ಅಧಿಕಾರಿಗಳಿಗೆ ಹುಟ್ಟಿತು. ಆಸ್ಪತ್ರೆಯ ದಫ್ತರ ಕಸದ ಬುಟ್ಟಿ ಸೇರಿದ ಕಡೆಯೂ ಹಣ ಕಟ್ಟಿದವರ ಬಳಿಯ ಪ್ರತಿ ಉಳಿದಿರುವುದುಂಟು.

ಎಲ್ಲಕ್ಕಿಂತ ಬೆಲೆಯುಳ್ಳದ್ದು ದಾಖಲಾತಿ ಪ್ರಮಾಣಪತ್ರ. ಅದರಲ್ಲಿ ಎರಡು ಭಾಗ: ವೈದ್ಯರು ಸ್ವತಃ ಕಂಡ ಲಕ್ಷಣಗಳು ಒಂದು, ಇತರರು ತಿಳಿಸಿದ ಸಂಗತಿಗಳು ಇನ್ನೊಂದು. ಎರಡನೆಯ ಭಾಗದಲ್ಲಿ ಗಂಡ, ತಾಯಿ, ನೆರೆಯವಳು, ಪೊಲೀಸ್ ಪೇದೆ ತಮ್ಮ ಹೆಸರು ಸಮೇತ ಮಾತಾಡುತ್ತಾರೆ. ಅಕ್ಷರ ಬಾರದ ಕೂಲಿಕಾರರ ಮಾತು ಇಷ್ಟು ಹಸಿಯಾಗಿ ಉಳಿದಿರುವ ಸರ್ಕಾರಿ ಕಾಗದ ಮತ್ತೊಂದು ಸಿಗುವುದು ಕಷ್ಟ.

ಇದಕ್ಕೆ ಚಾರ್ಲಿ ಚಾಪ್ಲಿನ್‌ನ ತಾಯಿಯ ಕಾಗದವೇ ಸಾಕ್ಷಿ. ಹಾನ್ನಾ ಚಾಪ್ಲಿನ್ ಲಿಲಿ ಹಾರ್ಲಿ ಎಂಬ ಹೆಸರಿನಲ್ಲಿ ರಂಗದ ಮೇಲೆ ಹಾಡುತ್ತಿದ್ದವಳು. ದನಿ ಕೈಕೊಟ್ಟ ಮೇಲೆ ಹೊಲಿಗೆ ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದಳು. 1898ರಲ್ಲಿ ಅವಳನ್ನು ಮೊದಲ ಸಲ ಕೇನ್ ಹಿಲ್‌ಗೆ ಸೇರಿಸಿದರು, ಮೈಕಲ್ ಕೇನ್‌ನ ಅಣ್ಣನಿದ್ದ ಅದೇ ಆಸ್ಪತ್ರೆಗೆ. 1903ರ ಮೇ ತಿಂಗಳಲ್ಲಿ ಮತ್ತೆ ಚಿತ್ತ ಕದಡಿದಾಗ ದೊಡ್ಡಮಗ ಸಿಡ್ನಿ ಹಡಗಿನ ಕೆಲಸದಲ್ಲಿ ಸಮುದ್ರದ ಮೇಲಿದ್ದ. ತಾಯಿಯನ್ನು ಲ್ಯಾಂಬೆತ್‌ನ ಆಸ್ಪತ್ರೆಗೆ ನಡೆಸಿಕೊಂಡು ಹೋದದ್ದು ಹದಿನಾಲ್ಕರ ಚಾರ್ಲಿ. ಆ ಸಲದ ಪ್ರಮಾಣಪತ್ರದ ಎರಡನೆಯ ಭಾಗದಲ್ಲಿ ಹುಡುಗನ ಹೇಳಿಕೆ ಇದೆ: ಅಮ್ಮ ಸತ್ತವರ ಬಗ್ಗೆಯೇ ಮಾತಾಡುತ್ತಾಳೆ, ಅವರು ಕಿಟಕಿಯಿಂದ ನೋಡುತ್ತಿರುವಂತೆ ಅವಳಿಗೆ ಕಾಣುತ್ತದೆ ಎಂಬುದು ಅದರ ಸಾರ. ಮುಂದೆ ಮಾತೇ ಇಲ್ಲದ ಚಿತ್ರಗಳಿಂದ ಹೆಸರಾದವನ, ಸರ್ಕಾರಿ ದಾಖಲೆ ಸೇರಿದ ಮೊದಮೊದಲ ಮಾತುಗಳಲ್ಲಿ ಇದೂ ಒಂದು.

1964ರ ಆತ್ಮಕಥೆಯಲ್ಲಿ ಚಾಪ್ಲಿನ್ ತಾಯಿಯ ಕಾಯಿಲೆಗೆ ಅರೆಹೊಟ್ಟೆಯೇ ಕಾರಣ ಎಂದು ವೈದ್ಯರು ಹೇಳಿದ್ದನ್ನು ನೆನೆಯುತ್ತಾನೆ. ಬಹುಕಾಲದ ನಂತರ ಹಳೆಯ ದಾಖಲೆ ಕೆದಕಿದ ಜೀವನಚರಿತ್ರೆಕಾರರೊಬ್ಬರಿಗೆ 1898ರ ಪುಟದಲ್ಲಿ ಸಿಫಿಲಿಸ್ ಎಂಬ ನಮೂದು ಸಿಕ್ಕಿತು. ಮಗ ಸುಳ್ಳು ಹೇಳಿದನೆಂದು ಇದರಿಂದ ತೀರ್ಮಾನಿಸಬೇಕಿಲ್ಲ. ಮೈಗೆ ರೋಗ ತಗುಲಿದ್ದವಳಿಗೆ ಊಟವೂ ಇರಲಿಲ್ಲ ಎಂಬುದು ಅಷ್ಟೇ ಸಂಭವನೀಯ. ಹಾನ್ನಾಳ ಕಥೆ ಕೇನ್ ಹಿಲ್‌ನಲ್ಲಿ ಮುಗಿಯಲಿಲ್ಲ. ದುಡ್ಡು ಬಂದ ಮೇಲೆ ಮಕ್ಕಳು ಅವಳನ್ನು ಖಾಸಗಿ ಆಸ್ಪತ್ರೆಗೆ, 1921ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕರೆದೊಯ್ದರು. 1928ರಲ್ಲಿ ಅವಳು ಅಲ್ಲೇ ತೀರಿಕೊಂಡಳು.

ವಂಶ ಹುಡುಕುವವರು ಮುಗ್ಗರಿಸುವುದು ‘ಕಾರಣ’ ಎಂಬ ಕಾಲಮಿನಲ್ಲಿ. ಸಂಸಾರದ ಚಿಂತೆ, ಕುಡಿತ, ಧಾರ್ಮಿಕ ಉನ್ಮಾದ, ಎಳೆಕೂಸಿಗೆ ಅತಿಯಾಗಿ ಹಾಲುಣಿಸಿದ್ದು ಇಂಥವೆಲ್ಲ ಅಲ್ಲಿ ಸಿಗುತ್ತವೆ. ಅದು ರೋಗನಿರ್ಣಯವಲ್ಲ. ಕರೆತಂದವರು ಹೇಳಿದ್ದನ್ನು ಗುಮಾಸ್ತ ಬರೆದುಕೊಂಡ, ಅಷ್ಟೆ. ಇಂಥ ಕಾಲಮನ್ನು ಸರ್ಕಾರವೇ ಜಾಲಾಡಿದ ನಿದರ್ಶನ ನಮ್ಮ ದೇಶದಲ್ಲೇ ಇದೆ. ಗಾಂಜಾ ಸೇದುವವರಿಂದಲೇ ಹುಚ್ಚಾಸ್ಪತ್ರೆಗಳು ತುಂಬಿವೆ ಎಂಬ ದೂರಿನ ಮೇಲೆ 1893ರಲ್ಲಿ ನೇಮಕವಾದ ಭಾರತೀಯ ಸೆಣಬು ಮಾದಕಗಳ ಆಯೋಗ, ಆಸ್ಪತ್ರೆಗಳ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿತು. ಪೊಲೀಸರು ತಂದ ವಿವರಪಟ್ಟಿಯಲ್ಲಿ ‘ಗಾಂಜಾ’ ಎಂದಿದ್ದರೆ ಆಸ್ಪತ್ರೆಯವರು ಪ್ರಶ್ನಿಸದೆ ಅದನ್ನೇ ನಕಲು ಮಾಡಿದ್ದರು. ಎಷ್ಟೋ ಪ್ರಕರಣಗಳು ವಿಚಾರಣೆಯಲ್ಲಿ ನಿಲ್ಲಲಿಲ್ಲ. ಮುತ್ತಜ್ಜನ ಹೆಸರಿನ ಮುಂದೆ ‘ಕುಡಿತ’ ಎಂದು ಓದಿ ತಲೆ ತಗ್ಗಿಸುವ ಮುಂಚೆ ಆ ಆಯೋಗದ 1894ರ ವರದಿಯನ್ನು ನೆನೆದರೆ ಒಳ್ಳೆಯದು.

ನಂಬಬಹುದಾದ ನಮೂದುಗಳೂ ಇವೆ. ‘ಜನರಲ್ ಪ್ಯಾರಾಲಿಸಿಸ್’ ಎಂದಿದ್ದರೆ ಅದು ಬಹುಪಾಲು ಮಿದುಳಿಗೇರಿದ ಸಿಫಿಲಿಸ್. 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬ ಸಂಶೋಧಕರು ಅಂಥ ರೋಗಿಗಳ ಮಿದುಳಿನಲ್ಲಿ ಅದರ ರೋಗಾಣುವನ್ನೇ ತೋರಿಸಿದರು. ಹೆರಿಗೆಯ ನಂತರದ ಉನ್ಮಾದಕ್ಕೆ ಸೇರಿದ ಹೆಂಗಸರು ಬಹಳಷ್ಟು ಮಂದಿ ಕೆಲವೇ ತಿಂಗಳಲ್ಲಿ ಗುಣವಾಗಿ ಮನೆಗೆ ಮರಳಿದರು. ಒಳಹೋದವರು ಹೊರಬರಲೇ ಇಲ್ಲವೆಂಬ ಜನಜನಿತ ನಂಬಿಕೆ ಅರ್ಧಸತ್ಯ. ಹೊರಬರದವರ ವಿಷಯದಲ್ಲಿ ಕಡತವೇ ಬತ್ತುತ್ತದೆ: ಮೊದಮೊದಲು ಆಗಾಗ ಟಿಪ್ಪಣಿ, ಆಮೇಲೆ ವರ್ಷಗಟ್ಟಲೆ ‘ಬದಲಾವಣೆ ಇಲ್ಲ’ ಎಂಬ ಒಂದೇ ಸಾಲು.

ಕೆಲವು ಕಡತಗಳಲ್ಲಿ ಫೋಟೊ ಕೂಡ ಅಂಟಿಸಿದೆ. ಬಡವರು ಕ್ಯಾಮೆರಾ ಕಾಣದ ಕಾಲದಲ್ಲಿ ಇಡೀ ವಂಶಕ್ಕೆ ಉಳಿದಿರುವ ಒಂದೇ ಚಿತ್ರ ಅದಾಗಿರಬಹುದು. ವೇಕ್‌ಫೀಲ್ಡ್ ಆಸ್ಪತ್ರೆಯ ಮುಖ್ಯಸ್ಥ ಜೇಮ್ಸ್ ಕ್ರೈಟನ್-ಬ್ರೌನ್ ತನ್ನ ರೋಗಿಗಳ ಫೋಟೊಗಳನ್ನು ಚಾರ್ಲ್ಸ್ ಡಾರ್ವಿನ್‌ಗೆ ಕಳಿಸಿದ್ದ. ಭಾವಾಭಿವ್ಯಕ್ತಿ ಕುರಿತ ಡಾರ್ವಿನ್‌ನ 1872ರ ಪುಸ್ತಕಕ್ಕೆ ಅವು ಸಾಮಗ್ರಿಯಾದವು. ಫೋಟೊದಲ್ಲಿದ್ದವರ ಒಪ್ಪಿಗೆ ಕೇಳುವ ಯೋಚನೆ ಆ ಕಾಲದ ಯಾರ ತಲೆಗೂ ಹೊಳೆದಂತಿಲ್ಲ.

ಹುಡುಕಾಟ ಬೇರೆ ಗುಟ್ಟುಗಳನ್ನೂ ಎಳೆದು ತರುತ್ತದೆ. ಹೆಂಡತಿಯೋ ಗಂಡನೋ ಮನೋರೋಗಿ ಎಂಬ ಕಾರಣಕ್ಕೆ ಇಂಗ್ಲೆಂಡಿನಲ್ಲಿ ವಿಚ್ಛೇದನ ಸಿಗಲು 1937ರ ಕಾಯಿದೆ ಬರಬೇಕಾಯಿತು. ಅದಕ್ಕೆ ಮೊದಲು ಹೆಂಡತಿ ಒಳಗಿದ್ದಾಗಲೇ ‘ವಿಧುರ’ ಎಂದು ಬರೆಸಿಕೊಂಡು ಇನ್ನೊಬ್ಬಳ ಜೊತೆ ಸಂಸಾರ ಹೂಡಿದ ಗಂಡಸರುಂಟು. ಆ ಎರಡನೆಯ ಸಂಸಾರದಲ್ಲಿ ಹುಟ್ಟಿದವರ ಮೊಮ್ಮಗ ಇಂದು ಮೊದಲ ಹೆಂಡತಿಯ ಸಾವಿನ ದಿನಾಂಕ ಕಂಡು ಬೆಚ್ಚುತ್ತಾನೆ.

ಈ ಹಾದಿ ಭಾರತಕ್ಕೂ ಚಾಚಿದೆ. ಈಸ್ಟ್ ಇಂಡಿಯಾ ಕಂಪನಿ ಇಲ್ಲಿ ಬುದ್ಧಿ ಕೆಟ್ಟ ತನ್ನ ಬಿಳಿಯ ಸಿಪಾಯಿ, ಅಧಿಕಾರಿಗಳನ್ನು ಹಡಗು ಹತ್ತಿಸಿ ಲಂಡನ್ನಿನ ಪೆಂಬ್ರೋಕ್ ಹೌಸ್‌ಗೆ ಕಳಿಸುತ್ತಿತ್ತು. 1870ರಿಂದ 1892ರವರೆಗೆ ಅವರನ್ನು ಈಲಿಂಗ್‌ನ ರಾಯಲ್ ಇಂಡಿಯಾ ಅಸೈಲಮ್‌ನಲ್ಲಿ ಇಟ್ಟುಕೊಂಡರು. ಎರಡರ ಕಡತಗಳೂ ಬ್ರಿಟಿಷ್ ಲೈಬ್ರರಿಯಲ್ಲಿವೆ. ಭಾರತದಲ್ಲಿ ದುಡಿದ ಮುತ್ತಾತನ ಜಾಡು ಹಿಡಿದ ಇಂಗ್ಲಿಷ್ ಸಂಸಾರಗಳು ಅಲ್ಲಿಗೆ ಹೋಗುತ್ತವೆ.

ಅದೇ ಕಾಲದ ಕನ್ನಡಿಗರ ಪಾಡು ಬೇರೆ. ಬೆಂಗಳೂರಿನ ಹುಚ್ಚಾಸ್ಪತ್ರೆ ಕಮಿಷನರ್ ಆಳ್ವಿಕೆಯ ಕಾಲದ್ದು. 1925ರಲ್ಲಿ ಅದು ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆಯಾಯಿತು, 1974ರಲ್ಲಿ ನಿಮ್ಹಾನ್ಸ್‌ನಲ್ಲಿ ಸೇರಿತು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲೂ 19ನೆಯ ಶತಮಾನದಲ್ಲೇ ಇಂಥದೊಂದು ಇತ್ತು. ನಿಮ್ಹಾನ್ಸ್‌ನ ಸಂಜೀವ್ ಜೈನ್, ಪ್ರತಿಮಾ ಮೂರ್ತಿ ಮುಂತಾದ ಮನೋವೈದ್ಯರು ಹಳೆಯ ದಾಖಲೆಗಳನ್ನು ಓದಿ ಸಂಸ್ಥೆಯ ಚರಿತ್ರೆ ಬರೆದಿದ್ದಾರೆ. ಆದರೆ ಸಂಸ್ಥೆಯ ಚರಿತ್ರೆ ಬೇರೆ, ಒಂದು ಮನೆತನದ ಹುಡುಕಾಟ ಬೇರೆ. 1881ರಿಂದ ಇಲ್ಲಿಯ ಜನಗಣತಿಗಳೂ ಹುಚ್ಚರನ್ನು, ಕುರುಡರನ್ನು, ಕುಷ್ಠರೋಗಿಗಳನ್ನು ಜಿಲ್ಲಾವಾರು ಎಣಿಸಿ ದಪ್ಪ ಸಂಪುಟಗಳಲ್ಲಿ ಅಚ್ಚು ಹಾಕಿದವು. ಉಳಿದದ್ದು ಅಂಕಿ, ಹೆಸರಿದ್ದ ಮನೆಮನೆಯ ಹಾಳೆಗಳಲ್ಲ. ಇಂಗ್ಲಿಷ್ ಕೂಲಿಯವಳ ಮರಿಮಗಳಿಗೆ ದಾರಿ ತೋರುವ ಆ ಒಂದು ಸಾಲು ಕೋಲಾರದ ಕೂಲಿಯವಳ ಮರಿಮಗಳಿಗೆ ಸಿಗುವುದಿಲ್ಲ.

ಇಂಗ್ಲೆಂಡಿನಲ್ಲೂ ಎಲ್ಲವೂ ಬಿಚ್ಚಿಲ್ಲ. ರೋಗಿಯ ವೈಯಕ್ತಿಕ ಕಡತಗಳನ್ನು ಸಾಮಾನ್ಯವಾಗಿ ನೂರು ವರ್ಷ ಮುಚ್ಚಿಡುತ್ತಾರೆ. ಹಾಗಾಗಿ ಅಜ್ಜಿಯ ತಂಗಿಯದು ಸಿಗದಿದ್ದರೂ ಅವಳ ಅಜ್ಜಿಯದು ಸಿಗುತ್ತದೆ. ಸತ್ತವರ ಸಮಾಧಿಯದು ಇನ್ನೊಂದು ಗೋಳು. ಎಪ್ಸಮ್‌ನಲ್ಲಿ ಅಕ್ಕಪಕ್ಕದಲ್ಲಿದ್ದ ಐದು ಆಸ್ಪತ್ರೆಗಳ ಸುಮಾರು 9,000 ರೋಗಿಗಳನ್ನು 1899ರಿಂದ 1955ರವರೆಗೆ ಹೂತ ಹಾರ್ಟನ್ ಸ್ಮಶಾನವನ್ನು ಆರೋಗ್ಯ ಇಲಾಖೆ 1983ರಲ್ಲಿ ಖಾಸಗಿಯವರಿಗೆ ಮಾರಿಬಿಟ್ಟಿತು. ಸ್ಥಳೀಯ ಸ್ವಯಂಸೇವಕರು ಈಗ ಅಲ್ಲಿರುವವರ ಒಬ್ಬೊಬ್ಬರ ಬದುಕನ್ನು ಕಡತಗಳಿಂದ ಕಟ್ಟಿ ಬರೆಯುತ್ತಿದ್ದಾರೆ.

ಹಾಗೆ ಹೆಸರು ಹೇಳುವುದು ಸರಿಯೇ ಎಂಬ ಪ್ರಶ್ನೆಗೆ ಅಮೆರಿಕದ ಎರಡು ರಾಜ್ಯಗಳು ಎರಡು ಉತ್ತರ ಕೊಟ್ಟಿವೆ. ನ್ಯೂಯಾರ್ಕ್ ರಾಜ್ಯದ ವಿಲ್ಲರ್ಡ್ ಆಸ್ಪತ್ರೆ 1995ರಲ್ಲಿ ಮುಚ್ಚುವಾಗ ಅಟ್ಟದ ಮೇಲೆ ರೋಗಿಗಳ 400ಕ್ಕೂ ಹೆಚ್ಚು ಸೂಟ್‌ಕೇಸ್‌ಗಳು ಸಿಕ್ಕವು. ಪ್ರದರ್ಶನ ನಡೆಯಿತು, ಪುಸ್ತಕ ಬಂತು. ಖಾಸಗಿತನದ ಕಾನೂನು ತೋರಿಸಿ ರಾಜ್ಯ ಹೆಸರುಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅಲ್ಲಿ ಸುಮಾರು 1,500 ಸಹರೋಗಿಗಳಿಗೆ ಗುಂಡಿ ತೋಡಿದ ರೋಗಿಯೊಬ್ಬ 1968ರಲ್ಲಿ ಸತ್ತಾಗ ಅವನ ಸಮಾಧಿಗೂ ಸಂಖ್ಯೆಯೇ ಗತಿಯಾಯಿತು. ಒರೆಗಾನ್‌ನ ಸೇಲಂ ಆಸ್ಪತ್ರೆ, 1975ರ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ಚಿತ್ರೀಕರಣವಾದ ಜಾಗ, ಇದಕ್ಕೆ ವಿರುದ್ಧ ಹಾದಿ ಹಿಡಿಯಿತು. ಅಲ್ಲಿಯ ಕೋಣೆಯೊಂದರಲ್ಲಿ ರೋಗಿಗಳ ಚಿತಾಭಸ್ಮ ತುಂಬಿದ, ಕಿಲುಬು ಹಿಡಿದ 3,500ರಷ್ಟು ತಾಮ್ರದ ಡಬ್ಬಿಗಳಿದ್ದವು. ರಾಜ್ಯದ ಪತ್ರಿಕೆ ‘ದಿ ಒರೆಗೋನಿಯನ್’ ಆ ಆಸ್ಪತ್ರೆಯ ಸ್ಥಿತಿಗತಿ ಕುರಿತು ಬರೆದ ಸಂಪಾದಕೀಯಗಳಿಗೆ 2006ರ ಪುಲಿಟ್ಜರ್ ಬಂತು. 2011ರಲ್ಲಿ ರಾಜ್ಯ ಹೆಸರುಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿತು. ಸತ್ತವರ ಮಾನ ಕಾಯುವ ನೆಪದಲ್ಲಿ ಹಳೆಯ ನಾಚಿಕೆಯನ್ನೇ ಕಾಯುವ ನ್ಯೂಯಾರ್ಕಿಗಿಂತ ಇದು ಮೇಲು. ಪಟ್ಟಿ ಓದಿದ ನೂರಾರು ಕುಟುಂಬಗಳು ಅರ್ಜಿ ಬರೆದು ತಮ್ಮವರ ಡಬ್ಬಿ ಒಯ್ದಿವೆ; ಉಳಿದವರ ಹೆಸರುಗಳ ಪಟ್ಟಿ, ಹುಟ್ಟು ಸಾವಿನ ದಿನಾಂಕಗಳ ಜೊತೆ, ಇಂದಿಗೂ ಅಂತರ್ಜಾಲದಲ್ಲಿ ತೆರೆದೇ ಇದೆ.