ಶೂನ್ಯದ ಸನಿಹದಲ್ಲೂ ನಿಲ್ಲದ ರಾಸಾಯನಿಕ ಕ್ರಿಯೆ

ಹಾಲನ್ನು ಫ್ರಿಜ್‌ನಲ್ಲಿಟ್ಟರೆ ಬೇಗ ಕೆಡುವುದಿಲ್ಲ. ಉಷ್ಣತೆ ಇಳಿದಂತೆ ರಾಸಾಯನಿಕ ಕ್ರಿಯೆಗಳ ವೇಗವೂ ಕುಗ್ಗುತ್ತದೆ ಎಂಬುದು ನಾವೆಲ್ಲ ಪ್ರೌಢಶಾಲೆಯಲ್ಲಿ ಓದಿದ ಪಾಠ. ಹಾಗಾದರೆ ನಿರಪೇಕ್ಷ ಶೂನ್ಯದ, ಅಂದರೆ ಮೈನಸ್ 273.15 ಡಿಗ್ರಿ ಸೆಲ್ಸಿಯಸ್‌ನ ಹೊಸ್ತಿಲಿಗೇ ಅಣುಗಳನ್ನು ಒಯ್ದರೆ ಎಲ್ಲವೂ ಸ್ತಬ್ಧವಾಗಬೇಕಲ್ಲವೇ? ಅಮೆರಿಕದ ಪ್ರಯೋಗಾಲಯಗಳಲ್ಲಿ ಕಂಡುಬಂದದ್ದು ಬೇರೆಯೇ.

ಕೊಲರಾಡೊ ರಾಜ್ಯದ ಬೋಲ್ಡರ್‌ನಲ್ಲಿರುವ ಜಿಲಾ ಸಂಸ್ಥೆಯಲ್ಲಿ ಡೆಬೊರಾ ಜಿನ್ ಹಾಗೂ ಜುನ್ ಯೆ ನೇತೃತ್ವದ ತಂಡ 2008ರಲ್ಲಿ ಪೊಟ್ಯಾಸಿಯಂ ಮತ್ತು ರುಬಿಡಿಯಂ ಪರಮಾಣುಗಳನ್ನು ಬೆಸೆದು ಅತಿಶೀತ ಅಣುಗಳ ಅನಿಲವನ್ನು ಸಿದ್ಧಪಡಿಸಿತು. ಅಣುಗಳು ಕಂಪಿಸುತ್ತವೆ, ಗಿರಕಿ ಹೊಡೆಯುತ್ತವೆ. ಹೀಗಾಗಿ ಅವುಗಳನ್ನು ನೇರವಾಗಿ ತಣಿಸುವುದು ಬಹಳ ಕಷ್ಟ. ಆದ್ದರಿಂದ ಮೊದಲು ಬಿಡಿ ಪರಮಾಣುಗಳನ್ನು ತಣಿಸಿ, ಕಾಂತಕ್ಷೇತ್ರದ ನೆರವಿನಿಂದ ಸಡಿಲವಾಗಿ ಜೋಡಿಸಿ, ಬಳಿಕ ಲೇಸರ್ ಕಿರಣಗಳಿಂದ ಅತ್ಯಂತ ಕಡಿಮೆ ಶಕ್ತಿಯ ಸ್ಥಿತಿಗೆ ಇಳಿಸಲಾಯಿತು. ಉಷ್ಣತೆ ಕೆಲವು ನೂರು ನ್ಯಾನೊಕೆಲ್ವಿನ್, ಅಂದರೆ ಶೂನ್ಯಕ್ಕಿಂತ ಒಂದು ಡಿಗ್ರಿಯ 10 ಲಕ್ಷದ ಒಂದು ಭಾಗಕ್ಕೂ ಕಡಿಮೆ ಮೇಲೆ. ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ 200 ಮೀಟರಿಗೂ ಹೆಚ್ಚು ವೇಗದಲ್ಲಿ ಓಡಬೇಕಾದ ಇಂಥ ಅಣು ಇಲ್ಲಿ ಸೆಕೆಂಡಿಗೆ ಸುಮಾರು ಒಂದು ಸೆಂಟಿಮೀಟರ್ ತೆವಳುತ್ತದೆ. ಇರುವೆಯ ನಡಿಗೆ ಎನ್ನಬಹುದು.

ಆದರೆ ಬೆಳಕಿನ ಬಲೆಯಲ್ಲಿ ಹಿಡಿದಿಟ್ಟ ಈ ಅಣುಗಳು ಒಂದೊಂದಾಗಿ ಕಾಣೆಯಾಗತೊಡಗಿದವು. ಅವು ಪರಸ್ಪರ ವರ್ತಿಸಿ ಬೇರೆ ವಸ್ತುವಾಗುತ್ತಿವೆ ಎಂದು ತಂಡ 2010ರಲ್ಲಿ ಪ್ರಕಟಿಸಿತು. ಎರಡು ಅಣುಗಳು ಸಂಧಿಸಿದಾಗ ಜೊತೆಗಾರರು ಅದಲುಬದಲಾಗಿ, ಒಂದು ಜೋಡಿ ಪೊಟ್ಯಾಸಿಯಂ, ಇನ್ನೊಂದು ಜೋಡಿ ರುಬಿಡಿಯಂ ಉಳಿಯುತ್ತದೆ. ಈ ಕ್ರಿಯೆಗೆ ಆರಂಭಿಕ ಶಕ್ತಿಯ ತಡೆಗೋಡೆಯಿಲ್ಲ. ಆದ್ದರಿಂದ ಬಿಸಿಯೂ ಬೇಕಿಲ್ಲ. ಜೊತೆಗೆ ಇಷ್ಟು ತಣ್ಣಗಾದ ಅಣು ಪುಟ್ಟ ಗೋಲಿಯಂತೆ ವರ್ತಿಸುವುದಿಲ್ಲ, ತನ್ನ ಗಾತ್ರದ ನೂರಾರು ಪಟ್ಟು ಹರಡಿದ ಅಲೆಯಂತೆ ವರ್ತಿಸುತ್ತದೆ.

ಇದಕ್ಕಿಂತ ವಿಸ್ಮಯದ ಸಂಗತಿ ಇನ್ನೊಂದಿದೆ. ಎಲ್ಲ ಅಣುಗಳೂ ಒಂದೇ ಕ್ವಾಂಟಂ ಸ್ಥಿತಿಯಲ್ಲಿದ್ದರೆ ಅವು ಪರಸ್ಪರ ಹತ್ತಿರ ಬರಲು ಹಿಂಜರಿಯುತ್ತವೆ. ಭ್ರಮಣದಿಂದ ಹುಟ್ಟುವ ತಡೆಯೊಂದನ್ನು ಸುರಂಗ ಕೊರೆದಂತೆ ದಾಟಬೇಕಾಗುತ್ತದೆ. ಎರಡು ಬೇರೆ ಸ್ಥಿತಿಗಳ ಅಣುಗಳನ್ನು ಬೆರೆಸಿದೊಡನೆ ಕ್ರಿಯೆಯ ವೇಗ 10ರಿಂದ 100 ಪಟ್ಟು ಏರಿತು. ಇಲ್ಲಿ ಬದಲಾದದ್ದು ಪರಮಾಣು ಬೀಜದ ಸ್ಪಿನ್ ಮಾತ್ರ. ಅಷ್ಟು ಕ್ಷುಲ್ಲಕ ವ್ಯತ್ಯಾಸ ರಾಸಾಯನಿಕ ಕ್ರಿಯೆಯ ಗತಿಯನ್ನು ನಿರ್ಧರಿಸಬಲ್ಲದೆಂದು ರಸಾಯನವಿಜ್ಞಾನದ ಸಾಮಾನ್ಯ ಪಠ್ಯಪುಸ್ತಕ ಹೇಳುವುದಿಲ್ಲ.

ಅಣುಗಳನ್ನು ಕೂಡಿಡಲು ಹೊರಟವರಿಗೆ ಈ ಕ್ರಿಯೆ ಬರೀ ನಷ್ಟ. ಆದರೆ 2008ರ ಪ್ರಯೋಗದಲ್ಲಿ ವಿದ್ಯಾರ್ಥಿನಿಯಾಗಿದ್ದ ಕ್ಯಾಂಗ್-ಕುನ್ ನಿ, ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸ್ವಂತ ಪ್ರಯೋಗಾಲಯ ಕಟ್ಟಿ, ಆ ನಷ್ಟವನ್ನೇ ಅಧ್ಯಯನದ ವಸ್ತುವಾಗಿಸಿದರು. 500 ನ್ಯಾನೊಕೆಲ್ವಿನ್‌ನಲ್ಲಿ ನಡೆಯುವ ಕ್ರಿಯೆಯ ಅಣುಗಳನ್ನು ಲೇಸರ್ ಮಿಡಿತದಿಂದ ಅಯಾನುಗಳಾಗಿಸಿ ತೂಗಿ ನೋಡಿದಾಗ, ಅಂತಿಮ ಉತ್ಪನ್ನಗಳ ಜೊತೆಗೆ ನಾಲ್ಕೂ ಪರಮಾಣುಗಳು ಕೂಡಿಕೊಂಡಿರುವ ಮಧ್ಯಂತರ ರೂಪವೂ ಪತ್ತೆಯಾಯಿತು. ಇದು ಪ್ರಕಟವಾದದ್ದು 2019ರಲ್ಲಿ. ಜಿನ್ ಅದನ್ನು ಕಾಣಲಿಲ್ಲ. ಅವರು 2016ರಲ್ಲೇ ನಿಧನರಾಗಿದ್ದರು.

ಸಾಮಾನ್ಯ ಕ್ರಿಯೆಗಳಲ್ಲಿ ಇಂಥ ಮಧ್ಯಂತರ ರೂಪ ಕಣ್ಣಿಗೆ ಬೀಳುವ ಮೊದಲೇ ಮಾಯವಾಗುತ್ತದೆ. ಇಲ್ಲಿ ಅದು ಸುಮಾರು 360 ನ್ಯಾನೊಸೆಕೆಂಡ್ ಬದುಕುತ್ತದೆಂದು 2020ರಲ್ಲಿ ಅಳೆಯಲಾಯಿತು. ನಮ್ಮ ಲೆಕ್ಕದಲ್ಲಿ ಅದು ಏನೂ ಅಲ್ಲ. ಅಣುಗಳ ಲೆಕ್ಕದಲ್ಲಿ ದೀರ್ಘಾಯುಷ್ಯ.

2021ರಲ್ಲಿ ಇದೇ ತಂಡ, ಹುಟ್ಟಿದ ಎರಡು ಅಣುಗಳು ಯಾವ ಯಾವ ಗಿರಕಿಯ ಸ್ಥಿತಿಯಲ್ಲಿ ಹೊರಬರುತ್ತವೆ ಎಂಬುದನ್ನು 57 ಜೋಡಿಗಳಲ್ಲಿ ಎಣಿಸಿತು. ಮಧ್ಯಂತರ ರೂಪ ಹಳೆಯದನ್ನೆಲ್ಲ ಮರೆತು, ಸಾಧ್ಯವಿರುವ ಎಲ್ಲ ದಾರಿಗಳಿಗೂ ಸಮಾನ ಅವಕಾಶ ಕೊಡುತ್ತದೆ ಎಂಬ ಸಿದ್ಧಾಂತದೊಡನೆ ಎಣಿಕೆ ಬಹುಪಾಲು ಹೊಂದಿಕೊಂಡಿತು. ಕೆಲವು ಜೋಡಿಗಳು ಮಾತ್ರ ಆ ಲೆಕ್ಕಕ್ಕೆ ಸಿಗಲಿಲ್ಲ.